ಹುಳುವಿನ ನೂಲು, ಮನುಷ್ಯನ ನೂಲು

ರೇಷ್ಮೆಯಷ್ಟು ಮರ್ಯಾದೆಯನ್ನು ಪಡೆದಿರುವ ವಸ್ತ್ರವು ನಮ್ಮ ನಾಡಿನಲ್ಲಿ ಮತ್ತೊಂದಿಲ್ಲ. ಮದುವೆ ಮುಂಜಿಗಳಿಗೆ ಅದು ಬೇಕು. ಪೂಜೆಗೆ ಕೂಡುವಾಗ ಮಡಿಗೆ ಅದು ಬೇಕು. ಹೆಣ್ಣುಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಪೆಟ್ಟಿಗೆಯಲ್ಲಿ ಅದು ಇರಲೇ ಬೇಕು. ಹೀಗಿದ್ದರೂ ಅಂಗಡಿಯಲ್ಲಿ ರೇಷ್ಮೆಯಂತೆ ಮಿನುಗುವುದೆಲ್ಲವೂ ರೇಷ್ಮೆಯಲ್ಲವೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಹಿಂದೆ ವ್ಯಾಪಾರಿಗಳು ಇಂತಹ ಬಟ್ಟೆಯನ್ನು 'ಆರ್ಟ್ ಸಿಲ್ಕ್' ಎಂದು ಕರೆದು ಮಾರುತ್ತಿದ್ದರು. ಆರ್ಟ್ ಎಂದರೆ ಕಲೆ. ಆದುದರಿಂದ ಇದು ಕಲೆಗಾರಿಕೆಯುಳ್ಳ ರೇಷ್ಮೆಯೆಂದು ನಂಬಿ ಕೊಂಡವರೂ ಉಂಟು. ವಾಸ್ತವವಾಗಿ ಅದು 'ಆರ್ಟಿಫಿಷಿಯಲ್' ಎಂಬ ದೊಡ್ಡ ಮಾತನ್ನು ಮೊಟಕುಮಾಡಿದ ರೂಪ. ಕೃತಕವೆಂದೇ ಅದರ ಅರ್ಥ.

ಕೃತಕವೆಂಬ ಶಬ್ದವು ಕಿವಿಗೆ ಬಿದ್ದೊಡನೆ ಮೋಸವೆಂಬ ಭಾವನೆಯು ನಮ್ಮ ಮನಸ್ಸಿನಲ್ಲಿ ಏಳುವುದು. ಆದರೆ ನಮ್ಮ ತಾರ್ಕಿಕರು ಆ ಶಬ್ದವನ್ನು 'ಮಾಡಲ್ಪಟ್ಟದ್ದು' ಎಂಬ ಅರ್ಥದಲ್ಲಿಯೇ ಬಳಸಿದರು. ಅದರಲ್ಲಿ ನಿಂದೆಯೇನೂ ಇರಲಿಲ್ಲ. ಕೃತಕ ರೇಷ್ಮೆಯನ್ನು ಮೊದಲು ಈ ಹಳೆಯ ಅರ್ಥದಲ್ಲಿಯೇ ತೆಗೆದುಕೊಂಡು, ಅದನ್ನು ಮಾಡಿದವರು ಯಾರು, ಹೇಗೆ ಮಾಡಿದರು, ಮಾಡುವುದಕ್ಕೆ ಬೆಲೆಯನ್ನು ಕೊಟ್ಟವರು ಯಾರು ಎಂಬುದನ್ನು ಈ ತಿಂಗಳು ವಿಚಾರಮಾಡೋಣ. ಸುಮಾರು ಮುನ್ನೂರ ಅರುವತ್ತು ವರ್ಷಗಳಿಂದ ಪಂಡಿತರು ಪ್ರಯೋಗಶಾಲೆಗಳಲ್ಲಿ ಹುಳುವಿನ ಕೆಲಸವನ್ನು ತಾವು ಮಾಡಲು ಹೆಣಗಿದ ಕಥೆಯಿದು. ಹುಳುವಿನ ಗುಟ್ಟು ನೂಲಿನ ದ್ರವ್ಯದಲ್ಲಿ ಮಾತ್ರವೇ ಅಡಗಿದೆಯೆಂದು ಅವರು ಬಹುಕಾಲ ತಿಳಿದಿದ್ದರು. ಆ ದ್ರವ್ಯವನ್ನು ಎಳೆಯುವ ಕ್ರಮದಲ್ಲಿಯೂ ಅಷ್ಟೇ ಗುಟ್ಟಿದೆಯೆಂಬುದು ನಿಧಾನವಾಗಿ ತಿಳಿದುಬಂದಿತು.

ಮೊದಲು ಹುಳುವಿನ ಕೆಲಸವನ್ನೇ ನೋಡಬೇಕು. ಸಂಸ್ಕೃತದಲ್ಲಿ ರೇಷ್ಮೆಗೆ ಕೌಶೇಯವೆಂದು ಹೆಸರು. ಕೋಶದಿಂದ, ಎಂದರೆ ಗೂಡಿನಿಂದ, ಹುಟ್ಟಿದ್ದರಿಂದ ಕೌಶೇಯ. ಈ ಶಬ್ದವನ್ನು ಸಾಧಿಸುವುದಕ್ಕೆಂದೇ ಪಾಣಿನಿಯು ಒಂದು ಸೂತ್ರವನ್ನು ಇಟ್ಟಿದ್ದಾನೆ. ರಾಮನಗರ, ಚನ್ನಪಟ್ಟಣ, ಕೋಲಾರದ ಕಡೆಯ ವಾಚಕರಿಗೆ ಈ ಗೂಡಿನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಹಿಪ್ಪುನೇರಳೆಯ ಸೊಪ್ಪನ್ನು ತಿಂದು, ನಾಲ್ಕು ಜ್ವರಗಳನ್ನು ದಾಟಿ, ಐದನೆಯ ಅವಸ್ಥೆಯ ಕೊನೆಗೆ ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಅದು ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡನ್ನು ಕಟ್ಟಿಕೊಳ್ಳುವುದು. ಅದರ ದೇಹದ ಎರಡು ಪಕ್ಕಗಳಲ್ಲಿ ಎರಡು ಉದ್ದವಾದ ಗ್ರಂಥಿಗಳಿವೆ. ಅವುಗಳಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನು ನೀರಿನೊಡನೆ ಸೇರಿ ಗಟ್ಟಿ ಪಾಕದಂತೆ ನಿಂತಿರುವುದು. ತುಟಿಯ ಹತ್ತಿರ ಎರಡು ಎಳೆಗಳೂ ಕೂಡುವುವು. ಸೆರಿಸಿನ್ ಎಂಬ ಅಂಟು ಅವೆರಡನ್ನೂ ಹೊದೆದು ಒಂದೇ ನೂಲನ್ನಾಗಿ ಮಾಡುವುದು. ಒಂದೇ ಗೂಡಿನಿಂದ ಸಾವಿರ ಮೀಟರಿನಷ್ಟು ಉದ್ದದ, ನಡುವೆ ತುಂಡಿಲ್ಲದ ಎಳೆಯನ್ನು ಬಿಚ್ಚಬಹುದು. ಹತ್ತಿಯ ನಾರಿನ ಉದ್ದವನ್ನು ಅಂಗುಲಗಳಲ್ಲಿ ಅಳೆಯುವಾಗ ಇದೆಂತಹ ಆಶ್ಚರ್ಯವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ನಮ್ಮ ಮನೆಗಳಲ್ಲಿ ಶಾವಿಗೆಯನ್ನು ಒತ್ತುವಾಗ ಒರಳಿನೊಳಗಿನ ಹಿಟ್ಟನ್ನು ಮೇಲಿನಿಂದ ಅದುಮುವೆವು. ಕೆಳಗಿನ ತೂತುಗಳಿಂದ ಎಳೆಗಳು ಇಳಿಯುವುವು. ಹುಳುವು ಹಾಗೆ ಒತ್ತುವುದರಿಂದ ಮಾತ್ರವೇ ನೂಲನ್ನು ಮಾಡುವುದಿಲ್ಲ. ಎಳೆಯ ತುದಿಯನ್ನು ಒಂದು ಕಡೆ ಅಂಟಿಸಿ, ತಲೆಯನ್ನು ಎಂಟರ ಅಂಕೆಯಂತೆ ಆಡಿಸುತ್ತ ಅದನ್ನು ಸೆಳೆಯುವುದು. ಈ ಸೆಳೆತದಿಂದ, ಮುದುರಿಕೊಂಡಿದ್ದ ಪ್ರೋಟೀನಿನ ಅಣುಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ತಿರುಗಿ ಒಂದಕ್ಕೊಂದು ಹೆಣೆದುಕೊಳ್ಳುವುವು. ಗ್ರಂಥಿಯ ನಾಳದಲ್ಲಿ ಮುಂದೆ ಮುಂದೆ ಹೋದಂತೆ ಆಮ್ಲತೆಯು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿ ಈ ಕೆಲಸಕ್ಕೆ ನೆರವಾಗುವುದು. ಕರಗಿದ್ದ ರಸವು ಹೀಗೆ ನೀರಿನಲ್ಲಿ ಮತ್ತೆ ಕರಗದ ನೂಲಾಗುವುದು. ಇದಕ್ಕೆ ಬೆಂಕಿಯಿಲ್ಲ, ವಿಷವಿಲ್ಲ, ಯಂತ್ರವಿಲ್ಲ. ನೀರು, ಸೊಪ್ಪು, ಮನೆಯೊಳಗಿನ ಬೆಚ್ಚಗೆ ಇಷ್ಟೇ ಸಾಕು.

ಈ ಕಾರ್ಯವನ್ನು ಮನುಷ್ಯನೂ ಮಾಡಬಹುದೆಂದು ಅಚ್ಚಿನಲ್ಲಿ ಬರೆದವರಲ್ಲಿ ಮೊದಲಿಗನು ಇಂಗ್ಲೆಂಡಿನ ರಾಬರ್ಟ್ ಹುಕ್. ೧೬೬೫ರಲ್ಲಿ ಪ್ರಕಟವಾದ 'ಮೈಕ್ರೊಗ್ರಾಫಿಯ' ಎಂಬ ಗ್ರಂಥದಲ್ಲಿ ಆತನು ಸೂಕ್ಷ್ಮದರ್ಶಕದಿಂದ ರೇಷ್ಮೆಯನ್ನು ನೋಡಿ ವರ್ಣಿಸುತ್ತ, ಹುಳುವಿನ ಅಂಟಿನಂತಹ ಒಂದು ಅಂಟನ್ನು ಕೂಡಿಸಿ ಅದರಿಂದ ಎಳೆಯನ್ನು ತೆಗೆಯುವ ಉಪಾಯವು ದೊರೆಯಬಹುದೆಂದು ಸೂಚಿಸಿದನು. ಫ್ರಾನ್ಸಿನಲ್ಲಿ ಬೋನ್ ಎಂಬ ಗೃಹಸ್ಥನು ೧೭೦೯ರ ಸುಮಾರಿನಲ್ಲಿ ಮತ್ತೊಂದು ದಾರಿಯನ್ನು ಹಿಡಿದನು. ಜೇಡನ ನೂಲಿನಿಂದ ಕಾಲುಚೀಲಗಳನ್ನೂ ಕೈಗವಸುಗಳನ್ನೂ ಹೆಣೆಯಿಸಿ ಪಂಡಿತರ ಮುಂದಿಟ್ಟನು. ನಮ್ಮ ಕೋಶಕಾರರು ಜೇಡನನ್ನು ಊರ್ಣನಾಭವೆಂದೂ ತಂತುವಾಯವೆಂದೂ ಕರೆದಿದ್ದಾರೆ, ತಂತುವಾಯನೆಂದರೆ ನೇಕಾರ. ಆ ನೇಕಾರನನ್ನು ಕೊಟ್ಟಿಗೆಯಲ್ಲಿ ಸಾಕುವುದು ಸಾಧ್ಯವೆ ಎಂದು ಪರೀಕ್ಷಿಸುವ ಕೆಲಸವು ರೋಮೂರ್ ಎಂಬ ಪಂಡಿತನ ಪಾಲಿಗೆ ಬಂದಿತು. ಜೇಡಗಳನ್ನು ಒಟ್ಟಿಗೆ ಇಟ್ಟರೆ ಒಂದನ್ನೊಂದು ತಿಂದುಬಿಡುವುವೆಂದು ಆತನು ಕಂಡುಕೊಂಡನು. ರೇಷ್ಮೆಹುಳುವು ಸಾಧು, ಸಾವಿರ ಹುಳುಗಳು ಒಂದೇ ತಟ್ಟೆಯಲ್ಲಿ ಸೊಪ್ಪನ್ನು ತಿನ್ನುವುವು. ಜೇಡಗಳಿಗೆ ಆ ಸಹಬಾಳ್ವೆಯು ಒಗ್ಗದು. ಆದುದರಿಂದ ಜೇಡನ ನೂಲಿನ ಆಸೆಯು ಎರಡು ನೂರು ವರ್ಷಗಳಿಗಿಂತಲೂ ಹೆಚ್ಚುಕಾಲ ಪಕ್ಕಕ್ಕೆ ಸರಿಯಿತು.

ಹತ್ತೊಂಬತ್ತನೆಯ ಶತಮಾನದ ಶೋಧಕರು ಹಿಪ್ಪುನೇರಳೆಯ ಕಡೆಗೆ ತಿರುಗಿದರು. ಹುಳುವು ತಿನ್ನುವುದು ಆ ಗಿಡವನ್ನೇ ಅಲ್ಲವೆ? ಹಾಗಾದರೆ ಗಿಡವನ್ನೇ ಕರಗಿಸಿದರೆ ರೇಷ್ಮೆಯಾಗಬಾರದೇಕೆ? ಈ ತರ್ಕದಂತೆ ಸ್ವಿಟ್ಜರ್ಲೆಂಡಿನ ಆಡೆಮಾರ್ಸ್ ಎಂಬಾತನು ೧೮೫೫ರಲ್ಲಿ ಹಿಪ್ಪುನೇರಳೆಯ ಒಳತೊಗಟೆಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಕರಗಿಸಿ, ಆ ಅಂಟಿನಲ್ಲಿ ಸೂಜಿಯನ್ನು ಅದ್ದಿ ಮೇಲಕ್ಕೆತ್ತಿ ಎಳೆಯನ್ನು ತೆಗೆದನು. ನಮ್ಮ ಗೃಹಿಣಿಯರು ಸಕ್ಕರೆಯ ಪಾಕವು ಒಂದೆಳೆ ಬಂದಿತೆ ಎಂದು ಬೆರಳಿನಿಂದ ನೋಡುವಂತೆಯೇ ಇದು. ಆದರೆ ತರ್ಕದಲ್ಲಿಯೇ ದೋಷವಿದ್ದಿತು. ಗಿಡದ ನಾರು ಸೆಲ್ಯುಲೋಸ್ ಎಂಬ ಬೇರೊಂದು ದ್ರವ್ಯ. ಹುಳುವಿನ ನೂಲು ಪ್ರೋಟೀನು. ಹಸುವು ಹುಲ್ಲನ್ನು ತಿಂದು ಹಾಲನ್ನು ಕೊಡುವುದೆಂದು ನಾವು ಹುಲ್ಲನ್ನು ಹಿಂಡಿ ಹಾಲನ್ನು ಪಡೆಯಲಾದೀತೆ? ಆದುದರಿಂದ ಅಂದಿನಿಂದ ಬಂದ ಕೃತಕ ರೇಷ್ಮೆಗಳಲ್ಲಿ ಬಹುಪಾಲು ಹೊಳಪಿನಲ್ಲಿ ರೇಷ್ಮೆಯನ್ನು ಹೋಲುತ್ತಿದ್ದುವೇ ಹೊರತು ವಸ್ತುವಿನಲ್ಲಿ ಹತ್ತಿಗೂ ಮರಕ್ಕೂ ಬಂಧುಗಳಾಗಿದ್ದುವು.

ತೂತಿನಿಂದ ಎಳೆಯನ್ನು ಒತ್ತುವ ಕ್ರಮವು ದೀಪದ ಮೂಲಕ ಮುಂದುವರಿಯಿತು. ಇಂಗ್ಲೆಂಡಿನ ಜೋಸೆಫ್ ಸ್ವಾನ್ ಎಂಬಾತನಿಗೆ ವಿದ್ಯುದ್ದೀಪದ ಬುರುಡೆಯೊಳಗೆ ಇಡಲು ಉದ್ದಕ್ಕೂ ಒಂದೇ ದಪ್ಪವಾಗಿರುವ ಇದ್ದಲಿನ ಎಳೆಯು ಬೇಕಾಗಿದ್ದಿತು. ೧೮೮೩ರಲ್ಲಿ ಆತನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಸೆಲ್ಯುಲೋಸನ್ನು ಕರಗಿಸಿ, ಸಣ್ಣ ರಂಧ್ರದಿಂದ ಒತ್ತಿ, ದ್ರವದೊಳಕ್ಕೆ ಬಿಟ್ಟು ಗಟ್ಟಿಯಾಗಿಸಿದನು. ದೀಪಕ್ಕಾಗಿ ತೆಗೆದ ಆ ಎಳೆಯು ಅಂದವಾಗಿರುವುದನ್ನು ಕಂಡು ಆತನ ಪತ್ನಿಯು ಅದರಿಂದ ಹೆಣಿಗೆಯ ಅಂಚುಗಳನ್ನು ಹೆಣೆದಳು. ೧೮೮೫ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಕೃತಕ ರೇಷ್ಮೆಯೆಂಬ ಹೆಸರಿನಿಂದ ಅವುಗಳನ್ನು ಇಟ್ಟಿದ್ದರು. ಸ್ವಾನನು ದೀಪಕ್ಕೆ ಮರಳಿದನು. ಬಟ್ಟೆಯ ಕೆಲಸವನ್ನು ಫ್ರಾನ್ಸಿನ ಶಾರ್ದೊನೆ ಎಂಬ ಶ್ರೀಮಂತನು ಕೈಗೊಂಡನು. ೧೮೮೪ರಲ್ಲಿ ಆತನು ತನ್ನ ಕ್ರಮಕ್ಕೆ ಸರಕಾರದ ಹಕ್ಕುಪತ್ರವನ್ನು ಕೋರಿದನು. ೧೮೮೯ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಅವನ ನೂಲು ಜನರನ್ನು ಬೆರಗುಗೊಳಿಸಿತು. ಬಳಿಕ ಬೆಜಾನ್ಸೋನ್ ಎಂಬ ತನ್ನೂರಿನಲ್ಲಿ ಕಾರ್ಖಾನೆಯನ್ನು ನಡೆಸಿದನು. ಆದರೆ ಈ ನೂಲಿನ ಮೂಲದ್ರವ್ಯವು ತುಪಾಕಿಯ ಮದ್ದಿಗೆ ತೀರ ಹತ್ತಿರದ ನೆಂಟ. ಅದರ ನೈಟ್ರೇಟ್ ಅಂಶವನ್ನು ತೆಗೆದುಹಾಕದೆ ಬಟ್ಟೆಯನ್ನು ಮಾಡಿದರೆ ಒಂದು ಕಿಡಿಯೇ ಸಾಕು, ಉಟ್ಟವರ ಗತಿಯೇನೆಂಬುದನ್ನು ನಾವು ಹೇಳಬೇಕಾಗಿಲ್ಲ. ಅದನ್ನು ತೆಗೆಯುವ ಸಂಸ್ಕಾರವನ್ನು ನಡೆಸಿದರೆ ನೂಲು ಸುರಕ್ಷಿತವಾಗುವುದು; ಆದರೆ ಖರ್ಚು ಹೆಚ್ಚುವುದು.

ಎರಡನೆಯ ಕ್ರಮವನ್ನು ನಾವು ಕಣ್ಣಾರೆ ಕಂಡಿರುವೆವು. ನಾವು ಪಾಠಹೇಳುತ್ತಿದ್ದ ಶಾಲೆಯಲ್ಲಿ ಸಂಸ್ಕೃತದ ತರಗತಿಯ ಪಕ್ಕದಲ್ಲಿಯೇ ರಸಾಯನಶಾಸ್ತ್ರದ ಪ್ರಯೋಗಶಾಲೆಯಿದ್ದಿತು. ಅಲ್ಲಿನ ಉಪಾಧ್ಯಾಯರು ಪ್ರತಿವರ್ಷವೂ ಮೇಲಿನ ತರಗತಿಯ ಹುಡುಗರಿಂದ ಈ ಪ್ರಯೋಗವನ್ನು ಮಾಡಿಸುತ್ತಿದ್ದರು. ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಕ್ಷಾರವನ್ನು ಹಾಕಿದರೆ ತಾಮ್ರದ ಗಷ್ಟು ಕೆಳಗೆ ಇಳಿಯುವುದು. ಅದನ್ನು ಸೋಸಿ ಅಮೋನಿಯದಲ್ಲಿ ಹಾಕಿದರೆ ನವಿಲಿನ ಕೊರಳಿನಂತಹ ಗಾಢವಾದ ನೀಲಿಯ ದ್ರಾವಣವಾಗುವುದು. ಈ ದ್ರಾವಣವು ಸೆಲ್ಯುಲೋಸನ್ನು ಕರಗಿಸುವುದೆಂಬುದನ್ನು ೧೮೫೭ರಲ್ಲಿ ಶ್ವೈಟ್ಸರ್ ಎಂಬ ಪಂಡಿತನು ಕಂಡುಹಿಡಿದನು. ಸೋಸುಕಾಗದದ ಚೂರುಗಳನ್ನು ಅದರಲ್ಲಿ ಹಾಕಿ ಒಂದೆರಡು ದಿನ ಮುಚ್ಚಿಟ್ಟರೆ ಕಾಗದವು ಮಾಯವಾಗಿ ದ್ರಾವಣವು ಜೇನಿನಂತೆ ಮಂದವಾಗುವುದು. ಅದನ್ನು ಪಿಚಕಾರಿಗೆ ತುಂಬಿ, ತಿಳಿಯಾದ ಗಂಧಕಾಮ್ಲವಿರುವ ಪಾತ್ರೆಯೊಳಗೆ ಸೂಜಿಯ ತುದಿಯನ್ನು ಮುಳುಗಿಸಿ ಮೆಲ್ಲಗೆ ಒತ್ತುವುದು. ನೀಲಿಯ ಎಳೆಯು ಆಮ್ಲದಲ್ಲಿ ಸುರುಳಿಸುರುಳಿಯಾಗಿ ಇಳಿದು, ಕಣ್ಣೆದುರಿಗೇ ನೀಲಿಯನ್ನು ಕಳೆದುಕೊಂಡು ಬೆಳ್ಳಗಾಗುವುದು. ಹುಡುಗರ ಸಂತೋಷವನ್ನು ನೋಡಬೇಕಾಗಿದ್ದಿತು! ಕಾಗದವಾಗಿದ್ದುದು ನೂಲಾಯಿತು.

ಆದರೆ ಆ ನೂಲನ್ನು ತೊಳೆದು ಒಣಗಿಸಿ ಎರಡು ಕೈಗಳಿಂದ ಹಿಡಿದು ಸ್ವಲ್ಪ ಜಗ್ಗಿದರೆ ಹಸಿ ಶಾವಿಗೆಯಂತೆ ತುಂಡಾಗುತ್ತಿದ್ದಿತು. 'ಸಾರ್, ಇದು ರೇಷ್ಮೆಯಲ್ಲ' ಎಂದು ಒಬ್ಬ ಹುಡುಗನು ನಿರಾಶೆಯಿಂದ ಹೇಳಿದುದು ನಮಗೆ ನೆನಪಿದೆ. ಅವನ ಮಾತು ಎರಡು ರೀತಿಯಿಂದ ಸತ್ಯವಾಗಿದ್ದಿತು. ದ್ರವ್ಯವೂ ರೇಷ್ಮೆಯದಲ್ಲ, ತೆಗೆದ ರೀತಿಯೂ ಹುಳುವಿನದಲ್ಲ. ಒತ್ತಿ ಬಿಟ್ಟ ಎಳೆಯಲ್ಲಿ ಅಣುಗಳು ಕಣಜದಲ್ಲಿ ಸುರಿದ ಹುಲ್ಲಿನಂತೆ ಅಡ್ಡಾದಿಡ್ಡಿಯಾಗಿ ಬಿದ್ದಿರುವುವು. ಅದೇ ಹುಲ್ಲನ್ನು ಸೆಳೆದು ಹೊಸೆದರೆ ಎತ್ತನ್ನು ಕಟ್ಟುವ ಹಗ್ಗವಾಗುವುದಿಲ್ಲವೆ? ಈ ತತ್ತ್ವವನ್ನೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಟೀಲೆ ಎಂಬಾತನು ಕಾರ್ಯಕ್ಕೆ ತಂದನು. ತಾಮ್ರದ ದ್ರಾವಣದಿಂದ ಬಂದ ಎಳೆಯು ಇನ್ನೂ ಮೆತ್ತಗಿರುವಾಗಲೇ ಅದನ್ನು ಹರಿಯುವ ನೀರಿನೊಡನೆ ಬಹುವಾಗಿ ಹಿಗ್ಗಿಸಿದನು. ನೂಲು ರೇಷ್ಮೆಯಷ್ಟೇ ನವುರಾಗಿಯೂ ಮೊದಲಿಗಿಂತ ಬಲವಾಗಿಯೂ ಬಂದಿತು. ಹುಳುವು ತಲೆಯಾಡಿಸುವುದರ ಅರ್ಥವು ಮನುಷ್ಯನಿಗೆ ತಿಳಿಯತೊಡಗಿದುದು ಇಲ್ಲಿಂದ. ಈ ಪ್ರಯೋಗದಲ್ಲಿ ಆಮ್ಲವೂ ಅಮೋನಿಯವೂ ಸೇರಿರುವುದರಿಂದ ಮನೆಯಲ್ಲಿ ಮಕ್ಕಳು ಇದನ್ನು ಮಾಡಕೂಡದೆಂದು ಇಲ್ಲಿಯೇ ಎಚ್ಚರಿಸುವೆವು. ಶಾಲೆಯ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರ ಎದುರಿಗೆ ಮಾಡಬಹುದು.

ಲೋಕದಲ್ಲೆಲ್ಲ ಹರಡಿದುದು ಮೂರನೆಯ ಕ್ರಮ. ೧೮೯೨ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್, ಬೀಡಲ್ ಎಂಬ ಮೂವರು ಅದನ್ನು ಕಂಡುಹಿಡಿದರು. ಮರದ ತಿರುಳನ್ನು ಕಾಸ್ಟಿಕ್ ಸೋಡದಲ್ಲಿ ನೆನೆಯಿಸಿ, ಕಾರ್ಬನ್ ಡೈಸಲ್ಫೈಡ್ ಎಂಬ ದ್ರವದೊಡನೆ ಬೆರೆಯಿಸಿದರೆ ಕಿತ್ತಳೆಯ ಬಣ್ಣದ ಪುಡಿಯಾಗುವುದು. ಅದು ಕ್ಷಾರದ ನೀರಿನಲ್ಲಿ ಕರಗಿ ಮಂದವಾದ ಪಾಕವಾಗುವುದು. ಈ ಪಾಕಕ್ಕೆ ವಿಸ್ಕೋಸ್ ಎಂದು ಹೆಸರು. ಅದನ್ನು ಸಣ್ಣ ರಂಧ್ರಗಳಿಂದ ಆಮ್ಲದೊಳಕ್ಕೆ ಒತ್ತಿದರೆ ಮತ್ತೆ ಸೆಲ್ಯುಲೋಸಿನ ನೂಲಾಗುವುದು. ೧೯೦೦ರಲ್ಲಿ ಟಾಪ್‌ಹಮ್ ಎಂಬಾತನು ರಭಸದಿಂದ ತಿರುಗುವ ಪೆಟ್ಟಿಗೆಯೊಂದನ್ನು ಕಟ್ಟಿ, ಹೊರಬಂದ ಎಳೆಗಳಿಗೆ ಹುರಿಯನ್ನು ಕೊಟ್ಟು ಸುತ್ತಿಕೊಳ್ಳುವಂತೆ ಮಾಡಿದನು. ಹತ್ತಿಗಿಂತ ಹೊಳಪು, ರೇಷ್ಮೆಗಿಂತ ಅಗ್ಗ, ಇನ್ನೇನು ಬೇಕು? ೧೯೦೪ರಲ್ಲಿ ಕೋರ್ಟಾಲ್ಡ್ ಕಂಪೆನಿಯು ಹಕ್ಕನ್ನು ಕೊಂಡು ಕೊವೆಂಟ್ರಿಯಲ್ಲಿ ಕಾರ್ಖಾನೆಯನ್ನು ತೆರೆಯಲು ಹೊರಟಿತು. ೧೯೨೪ರಲ್ಲಿ ಅಮೆರಿಕದ ವರ್ತಕರು ಕೃತಕವೆಂಬ ಅಪಕೀರ್ತಿಯನ್ನು ಬಿಡಿಸಲು ರೇಯಾನ್ ಎಂಬ ಹೊಸ ಹೆಸರನ್ನು ಇಟ್ಟರು. ೧೯೩೦ರ ದಶಕದಲ್ಲಿ ಚೀನ, ಜಪಾನುಗಳಿಂದ ಬಂದ ಅಗ್ಗದ ರೇಷ್ಮೆಯೊಡನೆ ಈ ನೂಲೂ ಸೇರಿ ಮೈಸೂರು ಸೀಮೆಯ ರೇಷ್ಮೆಯ ಬೆಳೆಗಾರರನ್ನು ಬಹಳ ಕಷ್ಟಕ್ಕೆ ಗುರಿಮಾಡಿತು.

ಆದರೆ ನಿಜವಾದ ಬೆಲೆಯನ್ನು ತೆತ್ತವರು ಬೇರೆ. ಕಾರ್ಬನ್ ಡೈಸಲ್ಫೈಡ್ ಗಾಳಿಯಲ್ಲಿ ಬೇಗನೆ ಆವಿಯಾಗುವುದು. ಆ ಆವಿಯನ್ನು ದಿನದಿನವೂ ಸೇವಿಸಿದ ಕೂಲಿಕಾರರಿಗೆ ಮೊದಲು ನಿದ್ರೆ ಕೆಡುವುದು, ಕೋಪ ಹೆಚ್ಚುವುದು, ಬಳಿಕ ಕೈಕಾಲುಗಳಲ್ಲಿ ನಡುಕ ಮತ್ತು ಜೋಮು, ಕೆಲವರಿಗೆ ಬುದ್ಧಿಭ್ರಮಣೆ. ಹೃದಯಕ್ಕೂ ಅದು ಕೇಡೆಂದು ಮುಂದೆ ತಿಳಿದುಬಂದಿತು. ಈ ವಿಷದ ಲಕ್ಷಣಗಳನ್ನು ಫ್ರಾನ್ಸಿನ ಡೆಲ್ಪೆಷ್ ಎಂಬ ವೈದ್ಯನು ರಬ್ಬರಿನ ಕೆಲಸಗಾರರಲ್ಲಿ ೧೮೫೬ರಲ್ಲಿಯೇ ವರ್ಣಿಸಿದ್ದನು. ಎಂದರೆ ವಿಸ್ಕೋಸ್ ಹುಟ್ಟುವುದಕ್ಕೆ ಮೂವತ್ತಾರು ವರ್ಷಗಳ ಮೊದಲೇ. ಅಮೆರಿಕದಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆಯು ೧೯೩೦ರ ದಶಕದಲ್ಲಿ ರೇಯಾನ್ ಕಾರ್ಖಾನೆಗಳ ಕೂಲಿಕಾರರ ಪರವಾಗಿ ಶ್ರಮಿಸಿದಳು. ಆದರೂ ಪಾಠವು ಮುಗಿಯಲಿಲ್ಲ. ದಕ್ಷಿಣ ಕೊರಿಯದ ವೊಂಜಿನ್ ರೇಯಾನ್ ಕಾರ್ಖಾನೆಯಲ್ಲಿ ನೂರಾರು ಮಂದಿ ಇದೇ ವಿಷದಿಂದ ರೋಗಿಗಳಾದ ಮೇಲೆ ೧೯೯೩ರಲ್ಲಿ ಅದನ್ನು ಮುಚ್ಚಿದರು. ತಿಳಿದಿದ್ದ ವಿಷಕ್ಕೆ ನೂರ ಮೂವತ್ತು ವರ್ಷಗಳು ಕಳೆದರೂ ಜನರು ಬಲಿಯಾದರೆಂಬುದು ಶಾಸ್ತ್ರದ ಅಜ್ಞಾನವಲ್ಲ, ಲೋಭದ ಕುರುಡು.

ನಮ್ಮ ನಾಡಿಗೂ ಈ ಉದ್ಯಮಕ್ಕೂ ನೇರವಾದ ಸಂಬಂಧವುಂಟು. ಹರಿಹರದ ಎದುರಿಗೆ, ತುಂಗಭದ್ರೆಯ ಆಚೆಯ ದಡದ ಕುಮಾರಪಟ್ಟಣದಲ್ಲಿ, ರೇಯಾನಿಗೆ ಬೇಕಾದ ಮರದ ತಿರುಳನ್ನು ಮಾಡುವ ಕಾರ್ಖಾನೆಯು ೧೯೭೦ರ ದಶಕದಲ್ಲಿ ಆರಂಭವಾಯಿತು. ಅದಕ್ಕೆ ಬೇಕಾದುದು ನೀಲಗಿರಿಯ ಮರ. ೧೯೮೦ರ ದಶಕದಲ್ಲಿ ನದಿಯ ನೀರು ಕೆಟ್ಟಿತೆಂದೂ, ಊರಿನ ದನಕರುಗಳು ಮೇಯುತ್ತಿದ್ದ ನೆಲದಲ್ಲಿ ನೀಲಗಿರಿಯ ತೋಪುಗಳೆದ್ದುವೆಂದೂ ಆ ಸೀಮೆಯ ಜನರು ದೊಡ್ಡ ಆಂದೋಲನವನ್ನು ನಡೆಸಿದರು. ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂಗಡಿಯಲ್ಲಿ ಮಿನುಗುವ ಸೀರೆಗೂ ಊರಿನ ಗೋಮಾಳಕ್ಕೂ ನಡುವೆ ಇಂತಹ ನಂಟು ಇರಬಹುದೆಂದು ಯಾರು ತಾನೆ ಎಣಿಸುವರು?

ಇನ್ನು ನಾಲ್ಕನೆಯ ಹೆಜ್ಜೆ. ಇದುವರೆಗಿನವರು ಪ್ರಕೃತಿಯು ಕೊಟ್ಟ ಸೆಲ್ಯುಲೋಸನ್ನು ಕರಗಿಸಿ ಮತ್ತೆ ನೂಲನ್ನಾಗಿಸಿದರು. ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ವ್ಯಾಲೇಸ್ ಕರೋದರ್ಸ್ ಎಂಬ ರಸಾಯನಶಾಸ್ತ್ರಜ್ಞನು ಸಣ್ಣ ಅಣುಗಳನ್ನು ಸರಪಣಿಯ ಕೊಂಡಿಗಳಂತೆ ತಾನೇ ಜೋಡಿಸತೊಡಗಿದನು. ೧೯೩೦ರ ಏಪ್ರಿಲ್ ತಿಂಗಳಿನಲ್ಲಿ ಅವನ ಸಹಾಯಕನಾದ ಜೂಲಿಯನ್ ಹಿಲ್ ಎಂಬಾತನು ಪಾತ್ರೆಯೊಳಗಿನ ಕರಗಿದ ಅಂಟಿಗೆ ಗಾಜಿನ ಕಡ್ಡಿಯನ್ನು ಮುಟ್ಟಿಸಿ ಮೇಲಕ್ಕೆತ್ತಿದಾಗ ಎಳೆಯು ಬಂದಿತು. ಅದು ತಣ್ಣಗಾದ ಮೇಲೂ ಎಳೆದರೆ ತುಂಡಾಗದೆ ಹಲವು ಪಟ್ಟು ಉದ್ದವಾಗುತ್ತಿದ್ದಿತು. ಉದ್ದವಾದಷ್ಟೂ ಹೊಳಪೂ ಬಲವೂ ಹೆಚ್ಚುತ್ತಿದ್ದುವು. ಎಷ್ಟು ದೂರ ಎಳೆಯಬಹುದೆಂದು ನೋಡಲು ಆ ಪಂಡಿತರು ಎಳೆಯ ತುದಿಯನ್ನು ಹಿಡಿದುಕೊಂಡು ಹಜಾರದಲ್ಲಿ ಓಡಿದರೆಂದು ಪ್ರತೀತಿ. ಆ ಮೊದಲ ದ್ರವ್ಯವು ಬಿಸಿನೀರಿಗೆ ತಾಳುವಂತಿರಲಿಲ್ಲ. ೧೯೩೫ರ ಫೆಬ್ರವರಿ ೨೮ರಂದು ಸಿದ್ಧವಾದ ಮತ್ತೊಂದು ದ್ರವ್ಯವು ತಾಳಿತು, ಅದೇ ನೈಲಾನ್. ೧೯೪೦ರ ಮೇ ೧೫ರಂದು ಅಮೆರಿಕದ ಅಂಗಡಿಗಳಲ್ಲೆಲ್ಲ ನೈಲಾನಿನ ಕಾಲುಚೀಲಗಳು ಮಾರಾಟಕ್ಕೆ ಬಂದುವು. ಮನೋವ್ಯಥೆಯಿಂದ ಬಳಲುತ್ತಿದ್ದ ಕರೋದರ್ಸನು ೧೯೩೭ರಲ್ಲಿಯೇ ಪ್ರಾಣವನ್ನು ಬಿಟ್ಟಿದ್ದನು. ತನ್ನ ನೂಲಿನ ವೈಭವವನ್ನು ನೋಡುವ ಭಾಗ್ಯವು ಅವನಿಗಿರಲಿಲ್ಲ. ಯುದ್ಧಕಾಲದಲ್ಲಿ ಜಪಾನಿನ ರೇಷ್ಮೆಯು ನಿಂತುಹೋದಾಗ ವಿಮಾನದಿಂದ ಧುಮುಕುವ ಕೊಡೆಗಳನ್ನು ಈ ನೂಲಿನಿಂದಲೇ ಮಾಡಿದರು.

ಇಷ್ಟಾದರೂ ನಿಜವಾದ ರೇಷ್ಮೆಯ ದ್ರವ್ಯದಿಂದ ನಿಜವಾದ ರೇಷ್ಮೆಯ ನೂಲನ್ನು ಮಾಡಲು ಮನುಷ್ಯನಿಗೆ ಬಂದಿತೆ? ಗೂಡಿನ ನೂಲನ್ನು ಸೋಡದ ನೀರಿನಲ್ಲಿ ಕುದಿಸಿ ಅಂಟನ್ನು ಕಳೆದು, ಲಿಥಿಯಮ್ ಬ್ರೋಮೈಡ್ ಎಂಬ ಲವಣದ ತೀಕ್ಷ್ಣವಾದ ದ್ರಾವಣದಲ್ಲಿ ಕರಗಿಸಬಹುದು. ಲವಣವನ್ನು ಕಳೆದು ಮತ್ತೆ ಎಳೆಯನ್ನು ತೆಗೆಯಲೂಬಹುದು. ದ್ರವ್ಯವು ಹುಳುವಿನದೇ; ಆದರೂ ಹೀಗೆ ಬಂದ ನೂಲು ಬಹುಕಾಲದವರೆಗೆ ಹುಳುವಿನ ನೂಲಿಗಿಂತ ಕೀಳಾಗಿಯೇ ಉಳಿಯಿತು. ೨೦೦೨ರಲ್ಲಿ ಆಕ್ಸ್‌ಫರ್ಡಿನ ಫ್ರಿಟ್ಸ್ ವೋಲ್ರಾತ್ ಮತ್ತು ಶಾವೊ ಎಂಬ ಪಂಡಿತರು ಈ ವಿಷಯಕ್ಕೆ ಬೆಳಕನ್ನು ತೋರುವ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅವರು ಹುಳುವನ್ನು ತನ್ನ ಪಾಡಿಗೆ ತಲೆಯಾಡಿಸಲು ಬಿಡದೆ, ಅದರ ಬಾಯಿಯಿಂದ ನೂಲನ್ನು ತಾವೇ ಒಂದೇ ವೇಗದಿಂದ ಎಳೆದರು. ವೇಗವಾಗಿ ಎಳೆದರೆ ನೂಲು ಬಲವಾಯಿತು, ಆದರೆ ಹಿಗ್ಗುವ ಗುಣವು ಕಡಮೆಯಾಯಿತು. ಮೆಲ್ಲಗೆ ಎಳೆದರೆ ಹಿಗ್ಗುವ ಗುಣವು ಹೆಚ್ಚಿ ಬಲವು ಕುಂದಿತು. ಹುಳು ಅದೇ, ಸೊಪ್ಪು ಅದೇ, ರಸವು ಅದೇ. ಎಳೆದ ರೀತಿಯೊಂದರಿಂದಲೇ ನೂಲಿನ ಗುಣವು ಬದಲಾಯಿತು. ಶಾಲೆಯ ಹುಡುಗನ ನಿರಾಶೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಿಲ್ಲ.

ಪಕ್ಕಕ್ಕೆ ಸರಿದಿದ್ದ ಜೇಡನ ನೂಲಿನ ಆಸೆಯೂ ಈ ಕಾಲದಲ್ಲಿ ಮತ್ತೆ ಚಿಗುರಿತು. ೧೯೯೦ರಲ್ಲಿ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾನಿಲಯದ ರ‍್ಯಾಂಡಿ ಲೂಯಿಸ್ ಮತ್ತು ಅವರ ಜೊತೆಗಾರರು ಜೇಡನ ನೂಲಿನ ಪ್ರೋಟೀನಿಗೆ ಕಾರಣವಾದ ವಂಶಬೀಜದ ಒಂದು ಭಾಗವನ್ನು ಓದಿದರು. ಕೆನಡದ ಕಂಪೆನಿಯೊಂದು ಅಂತಹ ವಂಶಬೀಜವನ್ನು ಮೇಕೆಗಳಲ್ಲಿ ಸೇರಿಸಿ, ಅವುಗಳ ಹಾಲಿನಿಂದ ನೂಲಿನ ದ್ರವ್ಯವನ್ನು ಪಡೆಯಲು ಹೊರಟು, ಕೊನೆಗೆ ಉದ್ಯಮವನ್ನು ಲಾಭಕ್ಕೆ ತರಲಾರದೆ ಹೋಯಿತು. ೨೦೧೮ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಶೋಧಕರು ಬ್ಯಾಕ್ಟೀರಿಯಗಳಿಂದ ಬಹು ಉದ್ದವಾದ ಪ್ರೋಟೀನಿನ ಅಣುಗಳನ್ನು ಮಾಡಿಸಿ, ಜೇಡನ ನೂಲಿಗೆ ಸರಿತೂಗುವ ಬಲದ ಎಳೆಯನ್ನು ತೆಗೆದರು. ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ೨೦೧೭ರಲ್ಲಿ ಸ್ವೀಡನ್ನಿನ ಆನಾ ರೈಸಿಂಗ್, ಯಾನ್ ಯೋಹಾನ್ಸನ್ ಮೊದಲಾದವರು ಪ್ರಕಟಿಸಿದ ಪ್ರಯೋಗ. ಅವರು ಬ್ಯಾಕ್ಟೀರಿಯಗಳಿಂದ ಪಡೆದ ಪ್ರೋಟೀನನ್ನು ಬರಿಯ ನೀರಿನಂತಹ ದ್ರಾವಣದಲ್ಲಿಯೇ ಕರಗಿಸಿಟ್ಟು, ಸೂಜಿಮೊನೆಯಾಗಿ ಎಳೆದ ಗಾಜಿನ ಕೊಳವೆಯಿಂದ ಸ್ವಲ್ಪ ಆಮ್ಲವಿರುವ ನೀರಿನೊಳಕ್ಕೆ ಬಿಟ್ಟರು. ಜೇಡನ ದೇಹದಲ್ಲಿ ನಡೆಯುವಂತೆಯೇ ಆಮ್ಲತೆಯ ಬದಲಾವಣೆಯಿಂದಲೂ ಹರಿಯುವ ಸೆಳೆತದಿಂದಲೂ ಅದು ನೂಲಾಯಿತು. ಒಂದು ಲೀಟರು ಬ್ಯಾಕ್ಟೀರಿಯದ ಕೃಷಿಯಿಂದ ದೊರೆತ ಪ್ರೋಟೀನು ಒಂದು ಕಿಲೋಮೀಟರು ನೂಲಿಗೆ ಸಾಕಾಗುವುದೆಂದು ಅವರು ಲೆಕ್ಕಹಾಕಿದರು. ಆ ನೂಲು ಜೇಡನ ನೂಲಿನಷ್ಟು ಬಲವಾಗಿರಲಿಲ್ಲ. ಆದರೆ ಕೂಲಿಕಾರನ ನರಗಳನ್ನು ಕೆಡಿಸುವ ಆವಿಯೂ ಅದರಲ್ಲಿ ಇರಲಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಬಲಕ್ಕಿಂತ ದೊಡ್ಡ ಲಾಭ. ಹುಳುವಿನಿಂದ ಮನುಷ್ಯನು ಮೊದಲು ಹೊಳಪನ್ನು ಕಲಿತನು, ಬಳಿಕ ಸೆಳೆತವನ್ನು ಕಲಿತನು. ವಿಷವಿಲ್ಲದೆ ನೂಲುವುದನ್ನು ಕಲಿಯುವುದು ಈಗ ನಡೆದಿದೆ.

ಹಾಗಾದರೆ ನಮ್ಮ ರೇಷ್ಮೆಯ ಬೆಳೆಗಾರರ ಗತಿಯೇನೆಂದು ಕೆಲವು ವಾಚಕರು ಕೇಳಬಹುದು. ಪ್ರಯೋಗಶಾಲೆಯ ಈ ನೂಲು ಗೂಡಿನ ಬೆಲೆಗೆ ಸಿಗುವಂತೆ ರಾಶಿರಾ‌ಶಿಯಾಗಿ ಬಂದಿಲ್ಲ. ಗಾಯವನ್ನು ಹೊಲಿಯುವ ದಾರ ಮೊದಲಾದ ವೈದ್ಯರ ಉಪಯೋಗಗಳ ಕಡೆಗೇ ಶೋಧಕರ ಕಣ್ಣು ಹೆಚ್ಚಾಗಿರುವುದು. ಬೆಳೆಗಾರನಿಗೆ ಅದಕ್ಕಿಂತ ಹತ್ತಿರದ ಕೇಡು ಯಾವುದೆಂದರೆ, ಬೇರೆ ನೂಲನ್ನು ರೇಷ್ಮೆಯೆಂಬ ಹೆಸರಿನಿಂದ ಮಾರುವುದು. ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪನ್ನು ಹಾಕಲು ರಾತ್ರಿಯಲ್ಲಿಯೂ ಎದ್ದವರಿಗೂ, ಕುದಿಯುವ ನೀರಿನಲ್ಲಿ ಕೈಯಿಟ್ಟು ಗೂಡನ್ನು ಬಿಚ್ಚಿದ ಹೆಂಗಸಿಗೂ ಸಲ್ಲಬೇಕಾದ ಹಣವು ಆಗ ಬೇರೆಯವರ ಕೈಗೆ ಹೋಗುವುದು. ಕೊಂಡವರೂ ಮೋಸಹೋಗುವರು.

ಆದುದರಿಂದ ಗೃಹಸ್ಥರಿಗೆ ಉಪಯೋಗವಾಗುವ ಪರೀಕ್ಷೆಯನ್ನು ತಿಳಿಸಿ ಲೇಖನವನ್ನು ಮುಗಿಸುವೆವು. ಸೀರೆಯ ಒಳತುದಿಯಿಂದ ಹಾಸಿನ ಎಳೆಯೊಂದನ್ನೂ ಹೊಕ್ಕಿನ ಎಳೆಯೊಂದನ್ನೂ ಬೇರೆಬೇರೆಯಾಗಿ ತೆಗೆಯಬೇಕು. ಹಾಸು ರೇಷ್ಮೆಯಾಗಿ ಹೊಕ್ಕು ಬೇರೆಯಾಗಿರುವುದುಂಟು. ಎಳೆಯನ್ನು ಚಿಮಟದಿಂದ ಹಿಡಿದು, ಬಟ್ಟೆಬರೆಗಳಿಂದಲೂ ಮಕ್ಕಳಿಂದಲೂ ದೂರದಲ್ಲಿ, ದೀಪದ ಕುಡಿಗೆ ಹಿಡಿಯಬೇಕು. ನಿಜವಾದ ರೇಷ್ಮೆಯು ಮೆಲ್ಲಗೆ ಉರಿದು ಕೂದಲು ಸುಟ್ಟ ವಾಸನೆಯನ್ನು ಕೊಡುವುದು; ದೀಪದಿಂದ ತೆಗೆದರೆ ಸಾಮಾನ್ಯವಾಗಿ ತಾನೇ ಆರುವುದು; ಉಳಿದ ಕರಿಯ ಗಂಟು ಬೆರಳಿನಿಂದ ಹಿಸುಕಿದರೆ ಪುಡಿಯಾಗುವುದು. ರೇಯಾನು ಬೇಗನೆ ಉರಿದು ಕಾಗದ ಸುಟ್ಟ ವಾಸನೆಯನ್ನು ಬೀರಿ ಹಗುರವಾದ ಬೂದಿಯಾಗುವುದು. ನೈಲಾನು, ಪಾಲಿಯೆಸ್ಟರುಗಳು ಕರಗಿ ಗಟ್ಟಿಯಾದ ಮಣಿಯಾಗುವುವು. ಅದು ಹಿಸುಕಿದರೂ ಪುಡಿಯಾಗದು, ಬಿಸಿಯಿರುವಾಗ ಮುಟ್ಟಿದರೆ ಚರ್ಮಕ್ಕೆ ಅಂಟಿ ಸುಡುವುದು. ಅಂಗಡಿಯಲ್ಲಿ ಎಳೆಯನ್ನು ಸುಡಲು ಸಂಕೋಚವಾಗುವವರು ಸಿಲ್ಕ್ ಮಾರ್ಕ್ ಎಂಬ ಗುರುತಿನ ಚೀಟಿಯನ್ನು ನೋಡಿ ಕೊಳ್ಳಬಹುದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ ೨೦೦೪ರಿಂದ ಅದು ಬಳಕೆಯಲ್ಲಿದೆ.

ರೇಯಾನನ್ನಾಗಲಿ ನೈಲಾನನ್ನಾಗಲಿ ಉಡಬಾರದೆಂದು ನಾವು ಹೇಳುವುದಿಲ್ಲ. ರೇಷ್ಮೆಯ ಬೆಲೆಯನ್ನು ತೆರಲಾರದವರ ಮನೆಯ ಹೆಣ್ಣುಮಗಳಿಗೂ ಹಬ್ಬದ ದಿನ ಮಿನುಗುವ ಸೀರೆಯೊಂದು ದೊರೆತುದು ಈ ಪಂಡಿತರ ಶ್ರಮದಿಂದಲೇ. ಆದರೆ ಪ್ರತಿಯೊಂದನ್ನೂ ಅದರ ಹೆಸರಿನಿಂದಲೇ ಕೇಳಿ, ಅದರ ಬೆಲೆಯನ್ನೇ ಕೊಟ್ಟು ಕೊಳ್ಳಬೇಕು. ಬೆಳೆಗಾರನ ಪಾಲು ಬೆಳೆಗಾರನಿಗೆ ಸೇರುವಂತೆಯೂ, ಕಾರ್ಖಾನೆಯ ನೂಲನ್ನು ನೂಲುವ ಕೂಲಿಕಾರನ ಆರೋಗ್ಯವು ಕೆಡದಂತೆಯೂ ಸರಕಾರವನ್ನು ಕೇಳುವ ಹಕ್ಕು ಕೊಳ್ಳುವವರಾದ ನಮಗೆ ಉಂಟು. ಆ ಹಕ್ಕನ್ನು ವಾಚಕರು ಮರೆಯದಿರಲೆಂದು ಕೋರುವೆವು.